ಹಾಯಾಗಿ ಕೂರುವ ಹಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

ಜರ್ಮನರು ತುಂಬ ಪ್ರೀತಿಯಿಂದ ಆಡುವ ಒಂದು ಮಾತಿದೆ. ಗೆಮ್ಯೂಟ್ಲಿಷ್‌ಕೈಟ್. ನಾಲಿಗೆ ಸ್ವಲ್ಪ ಹೊರಳಬೇಕು ನಿಜ, ಆದರೆ ಅದು ಹೇಳುವ ಸುಖ ಎಲ್ಲರಿಗೂ ಗೊತ್ತಿರುವಂಥದ್ದೇ. ಗಡಿಬಿಡಿಯಿಲ್ಲ. ಪಕ್ಕದಲ್ಲಿ ಬೇಕಾದವರಿದ್ದಾರೆ. ಮುಂದೆ ತಿನ್ನಲು ಕುಡಿಯಲು ಏನೋ ಒಂದಿಷ್ಟಿದೆ. ಎದ್ದು ಹೋಗಿ ಅಂತ ಯಾರೂ ಹೇಳುತ್ತಿಲ್ಲ. ಮನಸ್ಸು ಹಾಯಾಗಿದೆ. ಅಷ್ಟೇ.

ಈ ಬಗೆಯ ನೆಮ್ಮದಿಯ ಬಗ್ಗೆ ಈಚಿನ ವರ್ಷಗಳಲ್ಲಿ ಜಾಸ್ತಿ ಸುದ್ದಿಯಾದದ್ದು ಡೆನ್ಮಾರ್ಕ್. ಅಲ್ಲಿ ಇದಕ್ಕೆ ಹ್ಯೂಗೆ ಅನ್ನುತ್ತಾರೆ. 2016ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಹ್ಯೂಗೆ ಕುರಿತು ಒಂದರ ಹಿಂದೆ ಒಂದು ಪುಸ್ತಕ ಬಂತು. ಮೇಣದಬತ್ತಿ, ಉಣ್ಣೆಯ ಕಾಲುಚೀಲ, ಹೊದಿಕೆ ಎಲ್ಲವೂ ಆ ಹೆಸರಿನಲ್ಲಿ ಮಾರಾಟವಾದವು. ಡೇನರಿಗೆ ಅದು ಅಂಗಡಿಯಿಂದ ಬಂದದ್ದಲ್ಲ, ಹವಾಮಾನದಿಂದ ಬಂದದ್ದು. ಡಿಸೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಸೂರ್ಯ ಹುಟ್ಟುವಾಗ ಬೆಳಗ್ಗೆ ಎಂಟೂವರೆ ಆಗಿರುತ್ತದೆ. ಮಧ್ಯಾಹ್ನ ನಾಲ್ಕಾಗುವ ಮೊದಲೇ ಕತ್ತಲು. ಅಂಥ ಊರಿನಲ್ಲಿ ಮನೆಯೊಳಗಿನ ಬೆಳಕಿಗೆ ಬೆಲೆ ಬಾರದೆ ಇರುತ್ತದೆಯೇ? ಪೌಲ್ ಹೆನ್ನಿಂಗ್‌ಸೆನ್ ಎಂಬ ವಾಸ್ತುಶಿಲ್ಪಿ 1920ರ ದಶಕದಲ್ಲಿ ಇದಕ್ಕಾಗಿಯೇ ತಲೆ ಕೆಡಿಸಿಕೊಂಡರು. ಬಲ್ಬಿನ ಬೆಳಕು ಕಣ್ಣಿಗೆ ಚುಚ್ಚಬಾರದು ಅಂತ ಒಂದರ ಕೆಳಗೊಂದು ಮೂರು ಛತ್ರಿಗಳಿರುವ ದೀಪ ಮಾಡಿದರು. ಆ ವಂಶದ ದೀಪಗಳು ಇವತ್ತಿಗೂ ಡೇನರ ಊಟದ ಮೇಜಿನ ಮೇಲೆ ತೂಗುತ್ತವೆ.

ಡಚ್ಚರದ್ದು ಖೆಜೆಲಿಖ್. ಆಮ್‌ಸ್ಟರ್‌ಡ್ಯಾಮಿನಲ್ಲಿ ಕಂದು ಕೆಫೆ ಎಂದು ಕರೆಯುವ ಹಳೇ ಹೋಟೆಲುಗಳಿವೆ. ಎಷ್ಟೋ ಕಾಲದ ತಂಬಾಕಿನ ಹೊಗೆ ಹಿಡಿದು ಗೋಡೆಗಳೆಲ್ಲ ಕಂದಾಗಿವೆ. ಆ ಬಣ್ಣ ಹೋದರೆ ಗಿರಾಕಿಗಳಿಗೆ ಬೇಜಾರು. ಸ್ವೀಡನ್ನಿನಲ್ಲಿ ಶುಕ್ರವಾರ ಸಂಜೆಗೇ ಇಂಥದ್ದೊಂದು ಹೆಸರಿದೆ. ವಾರದ ಕೆಲಸ ಮುಗಿಸಿ ಮಕ್ಕಳ ಜೊತೆ ಚಿಪ್ಸು, ಟ್ಯಾಕೋ ಇಟ್ಟುಕೊಂಡು ಟೀವಿ ಮುಂದೆ ಕೂರುವ ಹೊತ್ತು ಅದು.

ಇವೆಲ್ಲ ಚೆಂದವೇ. ಆದರೆ ಹೆಚ್ಚಿನವು ಬಾಗಿಲು ಮುಚ್ಚಿಕೊಂಡ ಸುಖಗಳು. ಬಾಗಿಲು ಮುಚ್ಚಿದ ಮೇಲೆ ಒಳಗೆ ಯಾರು, ಹೊರಗೆ ಯಾರು ಎಂಬ ಪ್ರಶ್ನೆ ಬಂದೇ ಬರುತ್ತದೆ. ಜೆಪ್ಪೆ ಟ್ರೊಲ್ಲೆ ಲಿನೆಟ್ ಎಂಬ ಡೇನಿಷ್ ಮಾನವಶಾಸ್ತ್ರಜ್ಞರು ಹ್ಯೂಗೆಯ ಈ ಮುಖವನ್ನು ನೇರವಾಗಿ ಎತ್ತಿ ತೋರಿಸಿದ್ದಾರೆ. ನಮ್ಮ ಹಾಗೆ ಹಾಯಾಗಿರಲು ಬಾರದವರು ನಮಗಿಂತ ಕಡಿಮೆ ಎಂಬ ಭಾವನೆಯನ್ನೂ ಅದು ಸುಮ್ಮನೆ ಜೊತೆಗೆ ತರುತ್ತದೆ ಎನ್ನುತ್ತಾರೆ ಅವರು. ಈ ಮಾತನ್ನು ನಾನು ಒಪ್ಪುತ್ತೇನೆ. ನನಗೆ ಜರ್ಮನರ ಕಥೆ ಇಷ್ಟವಾಗುವುದು ಇಲ್ಲಿಯೇ. ಅವರ ನೆಮ್ಮದಿಯೂ ಮೊದಲು ಬಾಗಿಲು ಮುಚ್ಚಿಕೊಂಡೇ ಬೆಳೆದದ್ದು. ಆಮೇಲೆ ಅದು ಅಂಗಳಕ್ಕೆ ಬಂತು. ಅದನ್ನು ಉಳಿಸಿಕೊಳ್ಳಲು ಜನ ಬೀದಿಗೂ ಇಳಿದರು.

ಒಳಗೆ ಕೂತದ್ದು ಯಾಕೆ ಅಂತ ಮೊದಲು ನೋಡೋಣ. 1815ರಲ್ಲಿ ನೆಪೋಲಿಯನ್ ಸೋತ. ಆಸ್ಟ್ರಿಯದ ಮಂತ್ರಿ ಮೆಟರ್ನಿಖ್ ಹಳೇ ರಾಜರನ್ನೆಲ್ಲ ಮತ್ತೆ ಗಟ್ಟಿಯಾಗಿ ಕೂರಿಸಿದ. 1819ರಲ್ಲಿ ಜರ್ಮನ್ ನಾಡುಗಳಲ್ಲಿ ಕಾರ್ಲ್ಸ್‌ಬಾದ್ ಎಂಬ ಕಟ್ಟಳೆಗಳು ಬಂದವು. 320 ಪುಟಕ್ಕಿಂತ ಚಿಕ್ಕದಾದ ಏನನ್ನೇ ಅಚ್ಚು ಹಾಕುವುದಿದ್ದರೂ ಮೊದಲೇ ಸರ್ಕಾರಕ್ಕೆ ತೋರಿಸಬೇಕು. ಪತ್ರಿಕೆ, ಕರಪತ್ರ ಎಲ್ಲವೂ ಅದರೊಳಗೆ ಬಂದವು. ನಾಲ್ಕು ಜನ ಸೇರಿ ಮಾತಾಡಿದರೂ ಗೂಢಚಾರರ ಕಣ್ಣು. 1820ರಲ್ಲಿ ವಿಯೆನ್ನಾದ ಪೊಲೀಸರು ಯೋಹಾನ್ ಸೆನ್ ಎಂಬ ಕವಿಯ ಕೋಣೆಗೆ ನುಗ್ಗಿದರು. ಅಲ್ಲಿದ್ದ ಗೆಳೆಯರಲ್ಲಿ ಸಂಗೀತಗಾರ ಫ್ರಾಂಜ್ ಶೂಬರ್ಟ್ ಕೂಡ ಒಬ್ಬರು. ಶೂಬರ್ಟ್‌ಗೆ ಗದರಿಸಿ ಬಿಟ್ಟರು. ಸೆನ್ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು, ಆಮೇಲೆ ಊರನ್ನೇ ಬಿಡಬೇಕಾಯಿತು.

ಇಂಥ ಕಾಲದಲ್ಲಿ ಮಧ್ಯಮವರ್ಗದ ಜನ ಏನು ಮಾಡಿಯಾರು? ಮನೆಯೊಳಗೆ ಸೇರಿಕೊಂಡರು. ದುಂಡನೆಯ ಮೇಜು, ಅದರ ಪಕ್ಕ ಮೆತ್ತನೆಯ ಸೋಫಾ, ಒಂದು ಪಿಯಾನೊ, ಕಾಫಿ, ಕೇಕು. ಶೂಬರ್ಟ್ ಹೊಸ ಹಾಡುಗಳನ್ನು ನುಡಿಸಿ ಕೇಳಿಸುತ್ತಿದ್ದದ್ದು ಇಂಥ ಮನೆಗಳ ನಡುಮನೆಯಲ್ಲೇ. 1848ರವರೆಗಿನ ಈ ಕಾಲವನ್ನು ಬೀಡರ್‌ಮೈಯರ್ ಕಾಲ ಅನ್ನುತ್ತಾರೆ. ಗೆಮ್ಯೂಟ್ಲಿಷ್‌ಕೈಟ್ ಜನರ ಬಾಯಲ್ಲಿ ಮನೆಮಾತಾದದ್ದು ಆಗಲೇ. ಅದರಲ್ಲಿ ಪ್ರೀತಿಯೂ ಇತ್ತು, ಭಯವೂ ಇತ್ತು. 1847ರಲ್ಲಿ ಪ್ರಷ್ಯ ಎಂಬ ಜರ್ಮನ್ ರಾಜ್ಯದ ರಾಜನಿಗೆ ಸಾಲ ಬೇಕಾಗಿ ಬರ್ಲಿನ್ನಿನಲ್ಲಿ ಸಭೆ ಕರೆದ. ಅಲ್ಲಿ ಡೇವಿಡ್ ಹಾನ್ಸೆಮಾನ್ ಎಂಬ ವ್ಯಾಪಾರಿ ಎದ್ದು ನಿಂತು, ಹಣದ ವಿಷಯ ಬಂದರೆ ಗೆಮ್ಯೂಟ್ಲಿಷ್‌ಕೈಟ್ ಮುಗಿಯಿತು ಎಂದರು. ಆ ಮಾತು ಜರ್ಮನಿಯಲ್ಲಿ ಗಾದೆಯಾಗಿಬಿಟ್ಟಿದೆ.

ಇನ್ನು ಅಂಗಳದ ಕಥೆ. ಅದಕ್ಕೆ ಮ್ಯೂನಿಕ್‌ಗೆ ಹೋಗಬೇಕು.

ಮ್ಯೂನಿಕ್ ಇರುವ ಬವೇರಿಯದಲ್ಲಿ 1539ರಿಂದಲೂ ಒಂದು ಕಟ್ಟಳೆ ಇತ್ತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕಾಯಿಸಬೇಕು. ಬೇಸಿಗೆಯಲ್ಲಿ ದೊಡ್ಡ ಒಲೆ ಹಚ್ಚಿದರೆ ಊರಿಗೆ ಬೆಂಕಿ ಬೀಳುವ ಹೆದರಿಕೆ. ಅಲ್ಲದೆ ಅಲ್ಲಿನ ಬಿಯರಿಗೆ ಬಳಸುವ ಯೀಸ್ಟ್ ಚಳಿಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ಮಾಡಿದ್ದನ್ನು ಬೇಸಿಗೆಯಿಡೀ ಕೆಡದಂತೆ ಇಡಬೇಕಿತ್ತು. ಇಸಾರ್ ನದಿಯ ದಂಡೆಯಲ್ಲಿ ಆಳವಾದ ನೆಲಮಾಳಿಗೆ ತೋಡಿದರು. ಮೇಲೆ ಜಲ್ಲಿ ಹರಡಿ ಚೆಸ್ಟ್‌ನಟ್ ಮರ ನೆಟ್ಟರು. ಅದರ ಎಲೆ ಅಗಲ, ನೆರಳು ದಟ್ಟ. ಬೇರು ಆಳಕ್ಕೆ ಇಳಿಯದ್ದರಿಂದ ಕೆಳಗಿನ ಕಮಾನಿಗೆ ತೊಂದರೆಯಿಲ್ಲ. ಅಂಥ ನೆರಳು, ಪಕ್ಕದಲ್ಲೇ ತಣ್ಣನೆಯ ಬಿಯರ್ ಇದ್ದ ಮೇಲೆ ಜನ ಬಾರದೆ ಇರುತ್ತಾರಾ? ಬಂದರು. ಬೆಂಚು ಬಿದ್ದವು. ಊರೊಳಗಿನ ಹೋಟೆಲಿನವರಿಗೆ ವ್ಯಾಪಾರ ಕೆಟ್ಟಿತು. ಅವರು ರಾಜನ ಹತ್ತಿರ ದೂರು ಒಯ್ದರು.

1812ರ ಜನವರಿಯಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಒಂದು ಆಜ್ಞೆ ಹೊರಡಿಸಿದ. ನೆಲಮಾಳಿಗೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲೇ ಬಿಯರ್ ಮಾರಬಹುದು, ಬ್ರೆಡ್ ಕೊಡಬಹುದು. ಬೇರೆ ಊಟ ಮಾರುವಂತಿಲ್ಲ. ಎರಡೂ ಕಡೆಯವರನ್ನು ಸಮಾಧಾನ ಮಾಡಲು ಹೊರಟ ಈ ಆಜ್ಞೆಯಿಂದ ಒಂದು ಒಳ್ಳೆಯ ಪದ್ಧತಿ ಗಟ್ಟಿಯಾಯಿತು. ಊಟ ಸಿಗುವುದಿಲ್ಲ ಅಂದ ಮೇಲೆ ಜನ ಮನೆಯಿಂದಲೇ ಬುತ್ತಿ ಕಟ್ಟಿಕೊಂಡು ಬಂದರು. ಮೂಲಂಗಿ, ಗಿಣ್ಣು, ಉಪ್ಪಿನ ಬ್ರೆಡ್ಡು. ಶ್ರೀಮಂತನಿರಲಿ, ಕೂಲಿಯವನಿರಲಿ, ಒಂದೇ ಉದ್ದನೆಯ ಮೇಜಿನಲ್ಲಿ ಅವರವರ ಗಂಟು ಬಿಚ್ಚಿ ಕೂತರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪು ಮಾಡುವ ಯಂತ್ರ ಕಟ್ಟಿದರು. ಅದು ಬಂದ ಮೇಲೆ ಬಿಯರಿಗೆ ನೆಲಮಾಳಿಗೆಯೂ ಬೇಡ, ಮರದ ನೆರಳೂ ಬೇಡ. ಆದರೆ ಜನರಿಗೆ ಆ ನೆರಳು ಬೇಕಾಗಿತ್ತು. ಅದಕ್ಕೇ ಬೆಂಚುಗಳು ಅಲ್ಲೇ ಉಳಿದವು. ಈ ಅಂಗಳಗಳಿಗೇ ಬಿಯರ್ ಗಾರ್ಡನ್ ಅನ್ನುತ್ತಾರೆ.

ಅಮೆರಿಕಕ್ಕೆ ವಲಸೆ ಹೋದ ಜರ್ಮನರು ಈ ಅಭ್ಯಾಸವನ್ನೂ ಜೊತೆಗೆ ಒಯ್ದರು. ವಾರದಲ್ಲಿ ಆರು ದಿನ ದುಡಿತ, ಭಾನುವಾರ ಹೆಂಡತಿ ಮಕ್ಕಳೊಂದಿಗೆ ಬಿಯರ್ ಗಾರ್ಡನ್. 1855ರಲ್ಲಿ ಷಿಕಾಗೋದ ಮೇಯರ್ ಲೀವೈ ಬೂನ್ ಇದಕ್ಕೆ ಅಡ್ಡ ಬಂದರು. ಅವರ ಪಕ್ಷಕ್ಕೆ ವಲಸಿಗರನ್ನು ಕಂಡರೆ ಆಗುತ್ತಿರಲಿಲ್ಲ. ಭಾನುವಾರ ಬಾಗಿಲು ಮುಚ್ಚಬೇಕೆಂದರು. ಲೈಸೆನ್ಸ್ ಶುಲ್ಕವನ್ನು 50 ಡಾಲರಿನಿಂದ 300ಕ್ಕೆ ಏರಿಸಿದರು. ಮುಚ್ಚದವರನ್ನು ಹಿಡಿದು ಹಾಕಿದರು. ಏಪ್ರಿಲ್ 21ರಂದು ವಿಚಾರಣೆಯ ದಿನ ಜರ್ಮನ್ ಕೇರಿಯ ಜನ ಮೆರವಣಿಗೆ ಬಂದರು. ಹಡಗಿಗೆ ದಾರಿ ಬಿಡಲು ತಿರುಗುವಂತೆ ಕಟ್ಟಿದ್ದ ನದಿಯ ಸೇತುವೆಯನ್ನೇ ತಿರುಗಿಸಿ ಅವರನ್ನು ತಡೆದರು. ಗುಂಡು ಹಾರಿತು, ಜೀವ ಹೋಯಿತು. ಅದು ಕುಡಿತದ ಗಲಾಟೆ ಅಂತ ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ದುಡಿಯುವ ಜನರಿಗೆ ಇದ್ದ ಒಂದೇ ಬಿಡುವಿನ ದಿನವನ್ನು ಕಿತ್ತುಕೊಳ್ಳಲು ಹೊರಟರೆ ಜನ ಸುಮ್ಮನಿರಬೇಕಿತ್ತೇ?

ಮ್ಯೂನಿಕ್‌ನಲ್ಲಿ ಇಂಥದ್ದೇ ಸನ್ನಿವೇಶ 1995ರಲ್ಲಿ ಬಂತು. ಪುಣ್ಯಕ್ಕೆ ಅದು ಶಾಂತವಾಗಿಯೇ ನಡೆಯಿತು. ಊರಾಚೆ ಪುಲ್ಲಾಖ್ ಎಂಬಲ್ಲಿನ ಒಂದು ದೊಡ್ಡ ಬಿಯರ್ ಗಾರ್ಡನ್ ಮೇಲೆ ಅಕ್ಕಪಕ್ಕದವರು ಗಲಾಟೆಯ ದೂರು ಕೊಟ್ಟಿದ್ದರು. ರಾತ್ರಿ ಒಂಬತ್ತೂವರೆಗೆ ಮುಚ್ಚಿ ಎಂದಿತು ಕೋರ್ಟು. ಬೇಸಿಗೆಯಲ್ಲಿ ಆ ಊರಿನಲ್ಲಿ ಆ ಹೊತ್ತಿಗೆ ಇನ್ನೂ ಬೆಳಕಿರುತ್ತದೆ. ಮೇ 12ರಂದು 20,000ಕ್ಕೂ ಹೆಚ್ಚು ಜನ ಮಾರಿಯೆನ್‌ಪ್ಲಾಟ್ಸ್ ಚೌಕದಲ್ಲಿ ಸೇರಿದರು. ದೂರು ಕೊಟ್ಟವರಿಗೂ ನಿದ್ದೆ ಬೇಕಲ್ಲವೇ, ಅದೂ ನ್ಯಾಯವೇ. ಕಡೆಗೆ 1999ರಲ್ಲಿ ಬವೇರಿಯ ಸರ್ಕಾರ ಒಂದು ನಿಯಮ ತಂದಿತು. ಸಂಗೀತ ಹತ್ತು ಗಂಟೆಗೆ ನಿಲ್ಲಬೇಕು. ಜನ ಹನ್ನೊಂದರ ತನಕ ಕೂರಬಹುದು. ಮೇಲು ಕೀಳು ಮರೆತು ಜನ ಬೆರೆಯುವ ಜಾಗ ಇವು ಎಂಬ ಮಾತೂ ಆ ನಿಯಮದಲ್ಲಿ ಬರುತ್ತದೆ. ಮರದ ನೆರಳು, ಮನೆಯ ಬುತ್ತಿ ಎರಡೂ ಇದ್ದರೇನೇ ಅದಕ್ಕೆ ಬಿಯರ್ ಗಾರ್ಡನ್ ಎನ್ನುವ ಮಾನ.

ಬೆಂಗಳೂರಿನಿಂದ ಕೆಲಸಕ್ಕೆಂದು ಮ್ಯೂನಿಕ್ ಸೇರಿದ ಕನ್ನಡದ ಸಂಸಾರಗಳಿಗೆ ಇದು ಉಪಯೋಗದ ಮಾತು. ಮಾಂಸ ತಿನ್ನದವರು ಅಲ್ಲಿ ಏನು ತಿನ್ನುವುದು ಅಂತ ಯೋಚಿಸಬೇಕಾಗಿಲ್ಲ. ಪುಳಿಯೋಗರೆ, ಚಪಾತಿ ಪಲ್ಯ ಡಬ್ಬಿಗೆ ಹಾಕಿಕೊಂಡು ಹೋಗಬಹುದು. ಈಗ ಅಲ್ಲಿ ಊಟವೂ ಸಿಗುತ್ತದೆ, ಬಟ್ಟೆ ಹಾಸಿದ ಮೇಜು ಅದನ್ನು ತರಿಸುವವರಿಗೆ. ಬಟ್ಟೆಯಿಲ್ಲದ ಮರದ ಮೇಜು ಬುತ್ತಿಯವರಿಗೆ. ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು, ಬಿಯರ್ ಬೇಡದವರಿಗೆ ಸೋಡಾ ಬೆರೆಸಿದ ಸೇಬಿನ ರಸವೂ ಸಿಗುತ್ತದೆ. ಮೇಜು ಪೂರ್ತಿ ಖಾಲಿ ಇರಲಿ ಅಂತ ಕಾಯುವುದು ಬೇಡ. ಕೂತವರನ್ನು ಇಲ್ಲಿ ಜಾಗ ಇದೆಯಾ ಅಂತ ಕೇಳಿದರೆ ಸರಿದು ಕೂರುತ್ತಾರೆ.

ನಮಸ್ಕಾರ.