ಧರ್ಮ ಇಲ್ಲ ಅನ್ನುವವರ ಮನೆಯಲ್ಲಿ ಹಿರಿಯರ ಎಡೆ

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಕೊರಿಯಾದಲ್ಲಿ 2015ರ ಜನಗಣತಿಯಲ್ಲಿ ನಿಮ್ಮ ಧರ್ಮ ಯಾವುದು ಅಂತ ಕೇಳಿದರು. ನೂರಕ್ಕೆ 56 ಮಂದಿ ಯಾವುದೂ ಇಲ್ಲ ಅಂದರು. ಪ್ರಾಟೆಸ್ಟೆಂಟ್ ಕ್ರೈಸ್ತರು ನೂರಕ್ಕೆ ಸುಮಾರು 20, ಬೌದ್ಧರು 15ಕ್ಕಿಂತ ಸ್ವಲ್ಪ ಜಾಸ್ತಿ, ಕ್ಯಾಥೊಲಿಕ್ಕರು 8ರ ಹತ್ತಿರ. ಇಷ್ಟು ಕೇಳಿದರೆ ಅಲ್ಲಿ ಅರ್ಧಕ್ಕರ್ಧ ಜನ ನಾಸ್ತಿಕರು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಯಾವುದೂ ಇಲ್ಲ ಅಂದವರ ಮನೆಗೇ ಚುಸೊಕ್ ಅನ್ನುವ ಸುಗ್ಗಿ ಹಬ್ಬದ ಬೆಳಿಗ್ಗೆ ಹೋಗಿ ನೋಡಿ. ಎಷ್ಟೋ ಮನೆಗಳಲ್ಲಿ ತೀರಿಕೊಂಡ ತಾತನಿಗೆ ಮೀನು, ಮಾಂಸ, ಹಣ್ಣು, ಹೆಂಡ ಎಲ್ಲ ಇಟ್ಟು, ಎಲ್ಲರೂ ಹಣೆ ನೆಲಕ್ಕೆ ತಾಗುವ ಹಾಗೆ ಅಡ್ಡ ಬೀಳುತ್ತಿರುತ್ತಾರೆ. ಕೇಳಿದರೆ, ಇದು ಧರ್ಮ ಅಲ್ಲ, ಮನೆಯ ಪದ್ಧತಿ ಅನ್ನುತ್ತಾರೆ.

ಕೊರಿಯಾದ ಧರ್ಮಗಳ ಬಗ್ಗೆ ಮಾತಾಡುವವರು ಬೌದ್ಧರು ಇಷ್ಟು, ಕ್ರೈಸ್ತರು ಇಷ್ಟು ಅಂತ ಲೆಕ್ಕ ಕೊಟ್ಟು ಮುಗಿಸುತ್ತಾರೆ. ನನಗೆ ಅದು ಸಾಕಾಗುವುದಿಲ್ಲ. ಆ ಜನ ಜಗಳ ಆಡಿದ್ದು, ತಲೆ ಕೊಟ್ಟಿದ್ದು, ಕೋರ್ಟಿನವರೆಗೂ ಹೋಗಿದ್ದು ಈ ಎಡೆಯ ವಿಷಯಕ್ಕೆ. ಹಾಗಾಗಿ ಇವತ್ತು ಅದನ್ನೇ ಹಿಡಿದುಕೊಂಡು ಹೋಗೋಣ.

ಈ ಆಚರಣೆಗೆ ಅವರು ಜೆಸಾ ಅನ್ನುತ್ತಾರೆ. ಹಬ್ಬದ ಬೆಳಿಗ್ಗೆ ಮಾಡುವುದು ಸ್ವಲ್ಪ ಸರಳ. ಸತ್ತ ದಿನದಂದು ಮಾಡುವುದು ದೊಡ್ಡದು, ಹಳೆಯ ಪದ್ಧತಿಯಲ್ಲಿ ನಡುರಾತ್ರಿ. ಗೋಡೆಗೆ ಮಡಚುವ ತೆರೆ ನಿಲ್ಲಿಸಿ, ಅದರ ಮುಂದೆ ಮೇಜು ಇಟ್ಟು, ಹಿರಿಯರ ಹೆಸರಿಗೆ ಬರೆದ ಒಂದು ಕಾಗದವನ್ನು ಇಡುತ್ತಾರೆ. ಸಾಲು ಸಾಲಾಗಿ ತಿನಿಸು. ಕೆಂಪು ಹಣ್ಣು ಪೂರ್ವಕ್ಕೆ, ಬಿಳಿಯದು ಪಶ್ಚಿಮಕ್ಕೆ. ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ. ದಿನಾ ಮೂರು ಹೊತ್ತು ಖಾರದ ಕಿಮ್ಚಿ ತಿನ್ನುವ ಜನ ಈ ಅಡುಗೆಗೆ ಮಾತ್ರ ಮೆಣಸಿನ ಪುಡಿ, ಬೆಳ್ಳುಳ್ಳಿ ಹಾಕುವುದಿಲ್ಲ. ಪೀಚ್ ಹಣ್ಣಂತೂ ಇಡಲೇಬಾರದು, ಅದು ದೆವ್ವಗಳನ್ನು ಓಡಿಸುವ ಹಣ್ಣು ಅಂತ ನಂಬಿಕೆ. ತಾತನನ್ನು ಊಟಕ್ಕೆ ಕರೆದು ಬಾಗಿಲಲ್ಲೇ ಓಡಿಸಿದ ಹಾಗಾಗುತ್ತದೆ ನೋಡಿ.

ಆಮೇಲೆ ಬರುವ ಘಳಿಗೆ ನನಗೆ ತುಂಬಾ ಇಷ್ಟ. ಅನ್ನದ ಬಟ್ಟಲಿಗೆ ಚಮಚ ನೆಟ್ಟಗೆ ಚುಚ್ಚಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತಾರೆ. ಒಂಬತ್ತು ತುತ್ತು ತಿನ್ನುವಷ್ಟು ಹೊತ್ತು ಕಾಯಬೇಕು. ನಾವೂ ಇಲ್ಲಿ ಎಡೆ ಇಟ್ಟು ಬಾಗಿಲು ಹಾಕಿ ಹೊರಗೆ ಕೂರುವುದಿಲ್ಲವೇ, ಹಾಗೇ. ಆಮೇಲೆ ಮನೆಯ ಯಜಮಾನ ಮೂರು ಸಲ ಕೆಮ್ಮಿ ಬಾಗಿಲು ತೆರೆಯುತ್ತಾನೆ, ಉಣ್ಣುತ್ತಿರುವವರ ಮೇಲೆ ಏಕಾಏಕಿ ನುಗ್ಗಬಾರದಲ್ಲ. ಸಾರು ತೆಗೆದು, ತಳ ಹಿಡಿದ ಅನ್ನದ ಬಿಸಿ ಗಂಜಿ ನೀರು ಇಡುತ್ತಾರೆ. ಕೊನೆಗೆ ಹೆಸರಿನ ಕಾಗದ ಸುಟ್ಟು, ಇಟ್ಟಿದ್ದನ್ನೆಲ್ಲ ಹಂಚಿಕೊಂಡು ತಿನ್ನುತ್ತಾರೆ, ಹೆಂಡವನ್ನೂ ಸೇರಿಸಿ.

ಈ ಕ್ರಮ ಮನೆಮನೆಯಲ್ಲಿ ಬೇರೂರಿದ್ದು 1392ರಲ್ಲಿ ಶುರುವಾದ ಜೊಸೊನ್ ರಾಜರ ಕಾಲದಲ್ಲಿ. ಅವರು ಚೀನಾದ ಹಳೆಯ ಚಿಂತಕ ಕನ್ಫ್ಯೂಷಿಯಸ್ ಹೇಳಿದ ದಾರಿಯನ್ನೇ ರಾಜ್ಯದ ಕಟ್ಟಳೆ ಮಾಡಿದರು. 372ರಲ್ಲೇ ಬಂದು ಸಾವಿರ ವರ್ಷ ಮೆರೆದಿದ್ದ ಬೌದ್ಧ ಧರ್ಮವನ್ನು ಬೆಟ್ಟಕ್ಕೆ ಅಟ್ಟಿದರು. ಭಿಕ್ಷುಗಳು ರಾಜಧಾನಿಯೊಳಗೆ ಕಾಲಿಡುವ ಹಾಗಿರಲಿಲ್ಲ, ಆ ನಿಷೇಧ ತೆಗೆದದ್ದು 1895ರಲ್ಲಿ. ಬೆಟ್ಟಕ್ಕೆ ಹೋದ ಬೌದ್ಧರು ಅಲ್ಲಿನ ಹಳೆಯ ದೇವರನ್ನು ಓಡಿಸಲಿಲ್ಲ. ಈಗಲೂ ಬುದ್ಧನ ಗುಡಿಯ ಹಿಂದೆ ಬೆಟ್ಟದ ದೇವರಿಗೆ ಒಂದು ಪುಟ್ಟ ಗುಡಿ ಇರುತ್ತದೆ. ಒಳಗೆ ಬಿಳಿ ಗಡ್ಡದ ಮುದುಕ, ಪಕ್ಕದಲ್ಲಿ ಹುಲಿ.

ಇನ್ನು ಕ್ಯಾಥೊಲಿಕ್ಕರ ಕಥೆ. ಆ ಧರ್ಮ ಕೊರಿಯಾಕ್ಕೆ ಪಾದ್ರಿಗಳ ಕೈಯಿಂದ ಬಂದದ್ದಲ್ಲ. ಓದಿಕೊಂಡ ಕೆಲವರು ಚೀನಾದಿಂದ ಬಂದ ಪುಸ್ತಕ ನೋಡಿ ಆಕರ್ಷಿತರಾದರು. 1784ರಲ್ಲಿ ಯಿ ಸುಂಗ್ ಹುನ್ ಬೀಜಿಂಗ್‌ನಲ್ಲಿ ದೀಕ್ಷೆ ಪಡೆದು ಬಂದು ಉಳಿದವರಿಗೆ ತಾನೇ ಕೊಟ್ಟ. ಎಲ್ಲ ಸರಿಯಿತ್ತು, ಹಿರಿಯರ ಪೂಜೆ ಮಾಡಬಾರದು ಅಂತ ಬೀಜಿಂಗ್ ಬಿಷಪ್ ಅಪ್ಪಣೆ ಬರುವವರೆಗೆ. 1791ರಲ್ಲಿ ಯುನ್ ಜಿ ಚುಂಗ್ ಅನ್ನುವ ಗಣ್ಯ ಮನೆತನದವನು ತಾಯಿ ತೀರಿಕೊಂಡಾಗ ಜೆಸಾ ಮಾಡಲಿಲ್ಲ. ಮನೆಯಲ್ಲಿದ್ದ ಹಿರಿಯರ ಹೆಸರಿನ ಮರದ ಫಲಕಗಳನ್ನೂ ಸುಟ್ಟುಬಿಟ್ಟ. ಅವನನ್ನೂ ಜೊತೆಗಿದ್ದ ನೆಂಟನನ್ನೂ ಜೊನ್‌ಜು ಊರಿನಲ್ಲಿ ತಲೆ ಕಡಿದು ಕೊಂದರು. ಅವನು ಯಾವ ದೇವರನ್ನು ನಂಬಿದ ಅನ್ನುವುದಕ್ಕಿಂತ, ಹೆತ್ತವಳಿಗೆ ಎಡೆ ಇಡಲಿಲ್ಲ ಅನ್ನುವುದೇ ಆ ಕಾಲಕ್ಕೆ ದೊಡ್ಡ ಅಪರಾಧವಾಗಿ ಕಂಡಿತು. ಮುಂದೆ ಇನ್ನೂ ಸಾವಿರಾರು ಜನ ಸತ್ತರು. ಇಷ್ಟೆಲ್ಲ ಆದಮೇಲೆ 1939ರಲ್ಲಿ ರೋಮ್‌ನ ಕ್ಯಾಥೊಲಿಕ್ ಪೀಠ ಏನು ಹೇಳಿತು ಗೊತ್ತೇ? ಹಿರಿಯರಿಗೆ ಮರ್ಯಾದೆ ಸಲ್ಲಿಸುವುದು ಮನೆತನದ ರೂಢಿ, ಮಾಡಬಹುದು ಅಂತ. ನೂರೈವತ್ತು ವರ್ಷ ಮೊದಲೇ ಹೇಳಿದ್ದರೆ! 2014ರಲ್ಲಿ ಪೋಪ್ ಫ್ರಾನ್ಸಿಸ್ ರಾಜಧಾನಿ ಸೋಲ್‌ಗೆ ಬಂದು ಯುನ್ ಜಿ ಚುಂಗ್ ಮತ್ತು ಇತರ ಹುತಾತ್ಮರಿಗೆ ಧನ್ಯರ ಪದವಿ, ಅಂದರೆ ಸಂತ ಪದವಿಗಿಂತ ಒಂದು ಮೆಟ್ಟಿಲು ಕೆಳಗಿನದು, ಕೊಟ್ಟರು.

ಪ್ರಾಟೆಸ್ಟೆಂಟರು ಮಾತ್ರ ಈಗಲೂ ಒಪ್ಪಿಲ್ಲ. ಅವರು ಆ ದಿನ ಬೈಬಲ್ ಓದಿ, ಹಾಡು ಹೇಳಿ, ಪ್ರಾರ್ಥನೆ ಮಾಡುತ್ತಾರೆ, ಅಡ್ಡ ಬೀಳುವುದಿಲ್ಲ. ಅಣ್ಣ ಜೆಸಾ ಮಾಡುವವನು, ತಮ್ಮನ ಹೆಂಡತಿ ಚರ್ಚಿಗೆ ಹೋಗುವವಳು ಅಂದರೆ ಹಬ್ಬದ ಬೆಳಿಗ್ಗೆ ಯಾರು ಬಗ್ಗಬೇಕು, ಯಾರು ಸುಮ್ನೆ ನಿಂತಿರಬೇಕು ಅನ್ನುವ ಇರುಸುಮುರುಸು ಇದ್ದೇ ಇರುತ್ತದೆ.

ಇದೆಲ್ಲಕ್ಕಿಂತ ಹಳೆಯದು ಮುದಾಂಗ್ ಅನ್ನುವವರ ದಾರಿ. ಮೈಮೇಲೆ ದೇವರು ಬರುವವರು, ಹೆಚ್ಚಿನವರು ಹೆಂಗಸರು. ಕೆಲವರು ಹುಲ್ಲು ಕತ್ತರಿಸುವ ಕತ್ತಿಯ ಅಲಗಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾರೆ. ಜೊಸೊನ್ ಕಾಲದಲ್ಲಿ ಇವರನ್ನು ಕೀಳಾಗಿ ನೋಡಿದರು, 1970ರ ದಶಕದಲ್ಲಿ ಸರ್ಕಾರ ಹಳ್ಳಿ ಸುಧಾರಣೆ ಅಂತ ಹೊರಟು ಮೂಢನಂಬಿಕೆ ಎಂದು ಗುಡಿಗಳನ್ನೇ ಕೆಡವಿತು. ಆಮೇಲೆ ಅದೇ ದೇಶದ ಸರ್ಕಾರ 1985ರಲ್ಲಿ ಕಿಮ್ ಗುಮ್ ಹ್ವಾ ಅನ್ನುವ ಮುದಾಂಗ್‌ಳನ್ನು ದೇಶದ ಸಾಂಸ್ಕೃತಿಕ ಆಸ್ತಿ ಎಂದು ಗುರುತಿಸಿತು! ಜೆಜು ದ್ವೀಪದಲ್ಲಿ ಚಾಂದ್ರಮಾನದ ಎರಡನೇ ತಿಂಗಳು ಗಾಳಿಯ ಅಜ್ಜಿ ಬರುತ್ತಾಳೆ ಅಂತ ನಂಬಿಕೆ. ಅವಳು ಸಮುದ್ರದ ಚಿಪ್ಪುಗಳನ್ನೆಲ್ಲ ತಿಂದು ಬರಿದು ಮಾಡಿ, ಹೋಗುವಾಗ ಹೊಸ ಬೀಜ ಬಿತ್ತಿ ಹೋಗುತ್ತಾಳಂತೆ. ಉಸಿರು ಬಿಗಿಹಿಡಿದು ಸಮುದ್ರಕ್ಕೆ ಧುಮುಕಿ ಚಿಪ್ಪು ಆಯುವ ಹೆಂಗಸರು ಆಗ ನೀರಿಗೆ ಸಿರಿಧಾನ್ಯ ಎರಚುತ್ತಾರೆ. ಈ ಆಚರಣೆ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಎಡೆಗೆ ವಾಪಸ್ ಬರೋಣ, ಈಗಿನ ಜಗಳ ಅಲ್ಲಿ ಅಡುಗೆಮನೆಯದು. ಹೆಸರು ಗಂಡನ ಮನೆಯ ಹಿರಿಯರದು, ಬೆಳಗಿಂದ ಎಣ್ಣೆ ಮುಂದೆ ಕೂತು ಕರಿಯುವವಳು ಸೊಸೆ. ಹಬ್ಬ ಮುಗಿಯುವಷ್ಟರಲ್ಲಿ ಸೊಂಟ ನೋವು, ಗಂಡ ಹೆಂಡಿರ ಮುನಿಸು. 2022ರ ಚುಸೊಕ್ ಮುಂಚೆ ಸುಂಗ್‌ಕ್ಯುನ್‌ಕ್ವಾನ್ ಒಂದು ಪ್ರಕಟಣೆ ಕೊಟ್ಟಿತು. ಅದು 1398ರಲ್ಲಿ ಸ್ಥಾಪನೆಯಾದ, ಕನ್ಫ್ಯೂಷಿಯಸ್ ಪಂಥದ ಹಿರಿಯ ಪೀಠ. ಹಬ್ಬದ ಎಡೆಗೆ ಒಂಬತ್ತು ಬಗೆ ಸಾಕು, ಕರಿದದ್ದು ಬೇಕಾಗಿಯೇ ಇಲ್ಲ ಅಂತ ಅಲ್ಲಿನವರೇ ಹೇಳಿದರು. ಇಷ್ಟು ತಲೆಮಾರು ಕರಿದ ಹೆಂಗಸರಿಗೆ ಇದನ್ನು ಕೇಳಿ ನಗು ಬಂತೋ ಸಿಟ್ಟು ಬಂತೋ! ಮರುವರ್ಷ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಹೇಳಿತು. ಮನೆಯವರಲ್ಲಿ ಒಪ್ಪಂದ ಆಗದಿದ್ದರೆ ಜೆಸಾದ ಹಕ್ಕು ಹಿರಿಯ ಮಗನದಲ್ಲ, ಗಂಡಾಗಲಿ ಹೆಣ್ಣಾಗಲಿ ಮಕ್ಕಳಲ್ಲಿ ವಯಸ್ಸಿನಲ್ಲಿ ಹಿರಿಯರಾದವರದು ಅಂತ.

ಮನೆಗಳಲ್ಲಂತೂ ಕೋರ್ಟಿಗೆ ಕಾಯದೆ ಬದಲಾವಣೆ ನಡೆದಿದೆ. ಮರುದಿನ ಆಫೀಸು ಇದೆ ಅಂತ ನಡುರಾತ್ರಿಯ ಜೆಸಾವನ್ನು ಸಂಜೆಗೆ ತಂದುಕೊಂಡವರಿದ್ದಾರೆ. ತಾತ ಅಜ್ಜಿ ಇಬ್ಬರದ್ದನ್ನೂ ಒಂದೇ ದಿನ ಮುಗಿಸುವವರಿದ್ದಾರೆ. ಅಂಗಡಿಯಿಂದ ಪೂರ್ತಿ ಎಡೆಯನ್ನೇ ತರಿಸುವವರು, ತೀರಿಕೊಂಡ ಅಪ್ಪನಿಗೆ ಇಷ್ಟ ಅಂತ ಕಾಫಿ ಇಡುವವರು ಕೂಡ. ಪೂರ್ತಿ ಬಿಟ್ಟವರೂ ಬೇಕಾದಷ್ಟು ಜನ. ಹಳಬರಿಗೆ ಇದು ಸರಿ ಕಾಣುವುದಿಲ್ಲ. ನನಗಂತೂ ಕಾಫಿ ಇಟ್ಟವರ ಮೇಲೆ ದೂರು ಇಲ್ಲ. ನಮಸ್ಕಾರ.