ರಬ್ಬರಿನ ಚರ್ಮದೊಳಗಿನ ದೈತ್ಯ

ಕೇಳುಗರಿಗೆ ನಮಸ್ಕಾರ.

ಜಪಾನಿನ ಹಳೆಯ ದೈತ್ಯಮೃಗಗಳ ಚಲನಚಿತ್ರಗಳನ್ನು ಇಂದು ನೋಡುವವರು ಮೊದಲು ನಗುತ್ತಾರೆ. ನಗಬಾರದೆಂದು ಹೇಳಲು ನಾನು ಬಂದಿಲ್ಲ. ಮೃಗ ಕೈ ಎತ್ತಿದರೆ ಕಂಕುಳಲ್ಲಿ ರಬ್ಬರು ಮಡಿಕೆ ಬೀಳುತ್ತದೆ; ಸೈನ್ಯದ ಟ್ಯಾಂಕುಗಳು ಆಟಿಕೆಗಳೆಂಬುದು ಮಕ್ಕಳಿಗೂ ತಿಳಿಯುತ್ತದೆ; ಮೂರು ತಲೆಯ ಗಿಡೋರಾ ಹಾರುವಾಗ ಅದರ ಕತ್ತುಗಳನ್ನು ಎತ್ತಿ ಹಿಡಿದ ತಂತಿಗಳು ಬೆಳಕಿಗೆ ಮಿನುಗುತ್ತವೆ. ಆದರೆ ಕಳಪೆ ಚಿತ್ರಗಳು ಲೋಕದಲ್ಲಿ ಸಾವಿರಾರಿವೆ, ಅವನ್ನು ನೋಡಿ ಒಮ್ಮೆ ನಕ್ಕವರು ಮತ್ತೆ ಅತ್ತ ಸುಳಿಯುವುದಿಲ್ಲ. ಈ ಚಿತ್ರಗಳ ಬಳಿಗೆ ಮಾತ್ರ ಎಪ್ಪತ್ತು ವರ್ಷಗಳ ನಂತರವೂ ಜನ ಮರಳಿ ಬರುತ್ತಾರೆ. ಕಥೆ ಎಷ್ಟೇ ಅಸಂಬದ್ಧವಾಗಿರಲಿ, ಅದನ್ನು ಕಟ್ಟಿದ ಕುಶಲಕರ್ಮಿಗಳು ತಮ್ಮ ಪಾಲಿನ ಕೆಲಸವನ್ನು ತಮಾಷೆಯೆಂದು ಬಗೆಯದೆ ಮೈಮುರಿದು ಮಾಡಿದ್ದಾರೆ ಎಂಬುದೇ ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಮೊದಲ ಚಿತ್ರದಲ್ಲಂತೂ ನಗುವಿಗೆ ಎಡೆಯೇ ಇರಲಿಲ್ಲ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆಸಿದಾಗ ಅದರ ವಿಕಿರಣಭರಿತ ಬೂದಿ ಜಪಾನಿನ ಒಂದು ಮೀನುಗಾರಿಕಾ ದೋಣಿಯ ಮೇಲೆ ಉದುರಿತು. ದೋಣಿಯ ರೇಡಿಯೊ ನಿರ್ವಾಹಕರು ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರ್ 3ರಂದು ತೋಹೊ ಚಿತ್ರಸಂಸ್ಥೆಯ ‘ಗೊಜಿರಾ’ ತೆರೆ ಕಂಡಿತು; ಹೈಡ್ರೋಜನ್ ಬಾಂಬಿನ ಪರೀಕ್ಷೆಯಿಂದ ಕೆರಳಿ ಸಮುದ್ರದಿಂದ ಎದ್ದುಬರುವ ಈ ದೈತ್ಯಮೃಗವೇ ಹೊರದೇಶಗಳಲ್ಲಿ ‘ಗಾಡ್ಜಿಲಾ’ ಎನಿಸಿಕೊಂಡಿತು. ನಿರ್ದೇಶಕ ಇಶಿರೊ ಹೊಂಡಾ ಯುದ್ಧ ಮುಗಿಸಿ ಊರಿಗೆ ಮರಳುವಾಗ ಹಿರೋಶಿಮಾದ ಅವಶೇಷಗಳನ್ನು ಕಣ್ಣಾರೆ ಕಂಡವರು. ಟೋಕಿಯೊ ಹೊತ್ತಿ ಉರಿಯುತ್ತಿರುವಾಗ ಬೀದಿಬದಿಯಲ್ಲಿ ಮಕ್ಕಳನ್ನು ಅವುಚಿಕೊಂಡು ಕುಳಿತ ತಾಯಿಯೊಬ್ಬಳು, ಇನ್ನೇನು ನಿಮ್ಮ ಅಪ್ಪನಿದ್ದಲ್ಲಿಗೇ ಹೋಗಿಬಿಡುತ್ತೇವೆ ಎಂದು ಅವರನ್ನು ಸಂತೈಸುವ ದೃಶ್ಯ ಈ ಚಿತ್ರದಲ್ಲಿದೆ. ಮುಂದೆ ಬಂದ ಚಿತ್ರಗಳಲ್ಲಿ ಎಷ್ಟೇ ಮಂಗಾಟವಿರಲಿ, ಆ ತಾಯಿಯ ಮಾತನ್ನು ಒಮ್ಮೆ ಕೇಳಿದವರು ಅವನ್ನು ಬರಿಯ ಮಂಗಾಟವೆಂದು ತಳ್ಳಿಹಾಕಲಾರರು.

ಈ ಚಿತ್ರಗಳ ವಿಶೇಷ ದೃಶ್ಯಗಳ ಹೊಣೆ ಹೊತ್ತವರು ಎಯ್ಜಿ ಸುಬುರಾಯಾ. ಅವರು 1933ರ ‘ಕಿಂಗ್ ಕಾಂಗ್’ ಚಿತ್ರಕ್ಕೆ ಮಾರುಹೋದವರು. ಅದರಲ್ಲಿ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಒಂದೊಂದೇ ಚೌಕಟ್ಟನ್ನು ಚಿತ್ರೀಕರಿಸಿದ್ದರು. ಅಷ್ಟು ಸಮಯವಾಗಲಿ ಹಣವಾಗಲಿ ಸುಬುರಾಯಾ ಅವರಿಗೆ ಒದಗಲಿಲ್ಲ. ಹಾಗಾಗಿ ಮನುಷ್ಯನಿಗೇ ಮೃಗದ ಚರ್ಮ ತೊಡಿಸಿ, ಸುತ್ತ ಪುಟ್ಟ ನಗರವೊಂದನ್ನು ಕಟ್ಟಿ, ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸುವ ದಾರಿಯನ್ನು ಹಿಡಿದರು. ವೇಗವಾಗಿ ಹಿಡಿದ ದೃಶ್ಯವನ್ನು ಸಾಮಾನ್ಯ ವೇಗದಲ್ಲಿ ತೋರಿಸಿದರೆ ಚಲನೆ ನಿಧಾನವಾಗಿ, ಹೆಜ್ಜೆಗೆ ತೂಕ ಬರುತ್ತದೆ, ಕುಸಿಯುವ ಗೋಡೆಗೆ ಗಾತ್ರ ಬರುತ್ತದೆ. ನೀರು ಮಾತ್ರ ಈ ಉಪಾಯಕ್ಕೆ ಬಗ್ಗುವುದಿಲ್ಲ. ಕಟ್ಟಡವನ್ನು ಇಪ್ಪತ್ತೈದರಲ್ಲಿ ಒಂದು ಪಾಲಿಗೆ ಇಳಿಸಬಹುದು, ನೀರಿನ ಹನಿಯನ್ನು ಇಳಿಸಲಾಗದು. ಆದ್ದರಿಂದ ಸಮುದ್ರದಿಂದ ಎದ್ದುಬರುವ ದೈತ್ಯನ ಮೈಯಿಂದ ಉದುರುವ ಹನಿಗಳು ದ್ರಾಕ್ಷಿಯಷ್ಟು ದಪ್ಪಗೆ ಕಂಡು ಇಡೀ ಗುಟ್ಟನ್ನು ರಟ್ಟುಮಾಡುತ್ತವೆ. ಆ ಹನಿಗಳನ್ನು ಕಾಯುತ್ತ ಕೂರುವುದೇ ನನಗೊಂದು ಸುಖ.

ಚರ್ಮದೊಳಗೆ ಇದ್ದವರ ಪೈಕಿ ಪ್ರಮುಖರು ಹರುವೊ ನಕಾಜಿಮಾ. ಅದೇ 1954ರಲ್ಲಿ ಬಂದ ‘ಸೆವೆನ್ ಸಮುರಾಯ್’ ಚಿತ್ರದಲ್ಲಿ ಅವರು ದರೋಡೆಕೋರರಲ್ಲಿ ಒಬ್ಬರಾಗಿದ್ದರು. ಗೊಜಿರಾನಿಗಾಗಿ ಮೊದಲು ತಯಾರಾದ ಪೋಷಾಕು ಸುಮಾರು 100 ಕಿಲೊ ತೂಗುತ್ತಿತ್ತು. ಅದನ್ನು ಹೊತ್ತು ಕೆಲವು ಹೆಜ್ಜೆ ನಡೆಯುವುದೇ ದುಸ್ತರವಾಗಿತ್ತು. ಸ್ಟುಡಿಯೊದ ದೀಪಗಳ ಧಗೆಯಲ್ಲಿ ಬೆವರಿಳಿದು ಬಸವಳಿದರೂ ಅವರು ಕೆಲಸ ಬಿಡಲಿಲ್ಲ. ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳ ನಡಿಗೆಯನ್ನು ಗಮನಿಸಿ ಬಂದರು. 1972ರವರೆಗೂ ಗೊಜಿರಾನ ಪಾತ್ರ ಬಹುಮಟ್ಟಿಗೆ ಅವರದೇ. ಗೊಂಬೆಯಾಟದ ‘ಬುನ್ರಾಕು’ ಕಲೆಯಲ್ಲಿ ಸೂತ್ರಧಾರರು ರಂಗದ ಮೇಲೆ ಕಣ್ಣೆದುರಿಗೇ ನಿಂತಿದ್ದರೂ ಪ್ರೇಕ್ಷಕರು ಗೊಂಬೆಯ ಸಂಕಟಕ್ಕೆ ಕಣ್ಣೀರು ಹಾಕುವ ದೇಶ ಅದು. ಒಳಗೊಬ್ಬ ಮನುಷ್ಯನಿದ್ದಾನೆಂದು ಗೊತ್ತಾದ ಮಾತ್ರಕ್ಕೆ ಅಲ್ಲಿ ರಸಭಂಗವಾಗಬೇಕಿಲ್ಲ.

ಅರುವತ್ತರ ದಶಕದಲ್ಲಿ ಟೆಲಿವಿಷನ್ ಮನೆಮನೆಗೆ ಬಂದು ಚಿತ್ರಮಂದಿರಗಳು ಬರಿದಾಗತೊಡಗಿದವು. ಖರ್ಚು ಕಡಿತವಾಯಿತು, ಪ್ರೇಕ್ಷಕರೆಂದರೆ ಮಕ್ಕಳೇ ಎಂಬಂತಾಯಿತು. 1966ರಲ್ಲಿ ‘ಅಲ್ಟ್ರಾಮ್ಯಾನ್’ ಟಿವಿ ಧಾರಾವಾಹಿಗೆ ಹೊಸ ಮೃಗವೊಂದು ಬೇಕಾದಾಗ ಗೊಜಿರಾನ ಹಳೆಯ ಪೋಷಾಕಿಗೇ ಕೊರಳ ಸುತ್ತ ಒಂದು ಝಾಲರಿ ಕಟ್ಟಿ, ಬೇರೆ ಹೆಸರಿಟ್ಟು ಕಣಕ್ಕಿಳಿಸಿದರು. 1965ರಲ್ಲೇ ಗೊಜಿರಾ ಅನ್ಯಗ್ರಹದಲ್ಲಿ ಗೆದ್ದ ಸಂತೋಷಕ್ಕೆ ನೆಗೆನೆಗೆದು ಕುಣಿದಿದ್ದ. 1973ರಲ್ಲಿ ಬಾಲದ ಮೇಲೆ ಜಾರಿಕೊಂಡು ಬಂದು ಎರಡೂ ಕಾಲಿನಿಂದ ವೈರಿಯನ್ನು ಒದ್ದ. ಎದುರಾಳಿ ಸಂಸ್ಥೆ ದಾಯೆ 1965ರಲ್ಲಿ ಹುಟ್ಟುಹಾಕಿದ ಗಮೆರಾ ಎಂಬ ಆಮೆಯಂತೂ ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಂಡು, ಆ ತೂತುಗಳಿಂದ ಬೆಂಕಿ ಉಗುಳುತ್ತ ಬುಗುರಿಯಂತೆ ತಿರುಗಿ ಹಾರುತ್ತದೆ. 1971ರ ಚಿತ್ರದಲ್ಲಿ ಕಾರ್ಖಾನೆಗಳ ಕೊಳೆಯಿಂದ ಹುಟ್ಟಿದ ಹೆಡೋರಾ ಜನರನ್ನು ಕೊಲ್ಲುವ ದೃಶ್ಯಗಳು ಇಂದಿಗೂ ಮೈ ಜುಮ್ಮೆನ್ನಿಸುತ್ತವೆ; ಅದೇ ಚಿತ್ರದಲ್ಲಿ ಗೊಜಿರಾ ಬಾಯಿಂದ ಅಣುಜ್ವಾಲೆ ಕಾರುತ್ತ ಹಿಂದುಮುಂದಾಗಿ ಆಕಾಶದಲ್ಲಿ ಹಾರುತ್ತಾನೆ. ಎರಡನ್ನೂ ಒಂದೇ ಮುಖಭಾವದಿಂದ ತೋರಿಸುವ ಧೈರ್ಯ ಇನ್ನಾರಿಗಿತ್ತು!

ಬಾನುಲಿಯಲ್ಲಿ ಮಾತಾಡುವಾಗ ಧ್ವನಿಯನ್ನು ಮರೆಯುವಂತಿಲ್ಲ. ಗೊಜಿರಾನ ಗರ್ಜನೆ ಯಾವ ಪ್ರಾಣಿಯ ಕೂಗೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರ ಸಲಹೆಯಂತೆ, ರಾಳ ಮೆತ್ತಿದ ಚರ್ಮದ ಕೈಗವಸಿನಿಂದ ಕಾಂಟ್ರಾಬಾಸ್ ಎಂಬ ದೊಡ್ಡ ತಂತಿವಾದ್ಯದ ಸಡಿಲಿಸಿದ ತಂತಿಗಳನ್ನು ಎಳೆದು, ಆ ಧ್ವನಿಯನ್ನು ನಿಧಾನಗೊಳಿಸಿ ಅದನ್ನು ರೂಪಿಸಿದರು. ಕೊನೆಯವರೆಗೂ ನಗಲು ಒಪ್ಪದವರು ಈ ಇಫುಕುಬೆ. ತೆರೆಯ ಮೇಲೆ ರಬ್ಬರಿನ ಗುದ್ದಾಟ ನಡೆಯುತ್ತಿದ್ದರೂ ಅವರ ಹಿತ್ತಾಳೆ ವಾದ್ಯಗಳು ರಾಜನೊಬ್ಬನ ಶವಯಾತ್ರೆಗೆ ನುಡಿಸುವಷ್ಟು ಗಂಭೀರವಾಗಿ ಮೊಳಗುತ್ತವೆ. 1975ರಲ್ಲಿ, ಗೊಜಿರಾನನ್ನೇ ಹೋಲುವ ಯಂತ್ರವೈರಿಯ ಎರಡನೆಯ ಚಿತ್ರಕ್ಕೆ ಹೊಂಡಾ ಮತ್ತು ಇಫುಕುಬೆ ಇಬ್ಬರೂ ಮರಳಿ ಬಂದರು. ಗಲ್ಲಾಪೆಟ್ಟಿಗೆ ತುಂಬಲಿಲ್ಲ, ಮುಂದಿನ ಗೊಜಿರಾ ಚಿತ್ರಕ್ಕೆ ಜನ 1984ರವರೆಗೆ ಕಾಯಬೇಕಾಯಿತು. ಆದರೆ ಆ ಸೋತ ಚಿತ್ರದ ಸಂಗೀತದಲ್ಲಿ ಒಂದು ಸ್ವರವೂ ಕಾಟಾಚಾರದ್ದಲ್ಲ.