ವೆಸ್ ಜಾನ್ಸನ್: ಮೇಜರ್ ಲೀಗ್ ಬಿಟ್ಟು ಕಾಲೇಜಿಗೆ ಮರಳಿದ ಪಿಚಿಂಗ್ ಕೋಚ್

ನಮಸ್ಕಾರ. ಈಗ ನೀವು ನೋಡುತ್ತಿರುವುದು ಅಮೆರಿಕದ ಆರ್ಕನ್ಸಾ ರಾಜ್ಯದ ಫೇಯೆಟ್‌ವಿಲ್ ಊರಿನ ಬಾಮ್-ವಾಕರ್ ಕ್ರೀಡಾಂಗಣ, ಆರ್ಕನ್ಸಾ ವಿಶ್ವವಿದ್ಯಾಲಯದ ಬೇಸ್‌ಬಾಲ್ ತಂಡದ ತವರು ಮೈದಾನ. ಶುಕ್ರವಾರದ ಸಂಜೆ, ಪಂದ್ಯ ಆರಂಭವಾಗಲು ಇನ್ನೂ ಸಮಯವಿದೆ. ನಾನಿರುವ ಬೆಂಟನ್‌ವಿಲ್ ಇಲ್ಲಿಗೆ ಸುಮಾರು ಅರ್ಧ ಗಂಟೆಯ ದಾರಿ. ವಾಲ್‌ಮಾರ್ಟ್ ಕಂಪನಿಯ ಮುಖ್ಯ ಕಚೇರಿ ಅಲ್ಲಿಯೇ ಇರುವುದರಿಂದ ಸಾಫ್ಟ್‌ವೇರ್ ಕೆಲಸದ ಬೆನ್ನು ಹತ್ತಿ ಬಂದ ನನ್ನಂತಹ ಕನ್ನಡಿಗರೂ ಆ ಊರಿನಲ್ಲಿ ಸಿಗುತ್ತಾರೆ. ಸುತ್ತಲಿನ ಜನರೆಲ್ಲ ಬ್ಯಾಟಿಂಗ್ ಅಭ್ಯಾಸ ನೋಡುತ್ತಿರುವಾಗ ನನ್ನ ಕ್ಯಾಮೆರಾ ಮೈದಾನದ ಅಂಚಿನಲ್ಲಿ ಎಸೆತಗಾರರು ಮೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್ ಕಡೆಗೆ ತಿರುಗಿದೆ. ಅಲ್ಲಿ ಒಬ್ಬ ಹುಡುಗ ಚೆಂಡು ಎಸೆಯುತ್ತಿದ್ದಾನೆ. ಅವನ ಹಿಂದೆ ಕೈಕಟ್ಟಿ ನಿಂತಿರುವವರು ಪಿಚಿಂಗ್ ಕೋಚ್, ಎಂದರೆ ಚೆಂಡು ಎಸೆಯುವ ಪಿಚರ್‌ಗಳಿಗೆ ಕಲಿಸುವವರು. ಇಂದಿನ ನಿರೂಪಣೆ ಅಂತಹವರ ವೃತ್ತಿಯ ಬಗ್ಗೆ, ಅದರಲ್ಲಿಯೂ ಒಂದು ಕಾಲದಲ್ಲಿ ಇದೇ ಮೈದಾನದಲ್ಲಿ ಆ ಕೆಲಸ ಮಾಡಿದ ವೆಸ್ ಜಾನ್ಸನ್ ಅವರ ಬಗ್ಗೆ.

ಈ ಕೆಲಸದ ಮೇಲೆ ನನಗೆ ಇಷ್ಟೊಂದು ಆಸಕ್ತಿ ಹುಟ್ಟಲು ಒಂದು ಕಾರಣವಿದೆ. ದಾವಣಗೆರೆಯಲ್ಲಿ ಓದುವಾಗ ನಾನು ನಮ್ಮ ಕಾಲೇಜು ತಂಡದ ವೇಗದ ಬೌಲರ್ ಆಗಿದ್ದೆ. ಎಷ್ಟು ಓವರ್ ಹಾಕಬೇಕು, ಯಾವ ದಿನ ವಿಶ್ರಾಂತಿ ಪಡೆಯಬೇಕು ಎಂದು ಹೇಳುವವರು ಯಾರೂ ಇರಲಿಲ್ಲ. ಬಿ.ಇ. ಮೂರನೆಯ ವರ್ಷದಲ್ಲಿ ಭುಜ ಕೈಕೊಟ್ಟಿತು. ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ಳಲೂ ಆಗದ ಸ್ಥಿತಿ ಬಂದ ಮೇಲೆ ಬೌಲಿಂಗ್ ಬಿಟ್ಟೆ. ಅಮೆರಿಕಕ್ಕೆ ಬಂದು ಮೊದಲ ಬಾರಿಗೆ ಕಾಲೇಜು ಬೇಸ್‌ಬಾಲ್ ನೋಡಿದಾಗ, ಹತ್ತೊಂಬತ್ತು ವರ್ಷದ ಹುಡುಗನ ಒಂದೊಂದು ಎಸೆತವನ್ನೂ ಎಣಿಸಿ ಬರೆದಿಡುವವರು ಇದ್ದಾರೆ ಎಂಬುದನ್ನು ಕಂಡು ನನಗೆ ಗಂಟಲು ಕಟ್ಟಿತ್ತು.

ಕ್ರಿಕೆಟ್ ಬಲ್ಲವರಿಗೆ ಒಂದಿಷ್ಟು ವಿವರ ಹೇಳಿಬಿಡುತ್ತೇನೆ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬದಿಂದ ಬ್ಯಾಟರ್‌ನ ಮುಂದಿರುವ ಹೋಮ್ ಪ್ಲೇಟ್‌ವರೆಗಿನ ಅಂತರ 18.44 ಮೀಟರ್. ಚೆಂಡಿನ ತೂಕ 142ರಿಂದ 149 ಗ್ರಾಂ, ಎಂದರೆ ನಮ್ಮ ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಓಡಿಬರುವ ಸೌಲಭ್ಯ ಪಿಚರ್‌ಗೆ ಇಲ್ಲ. ನಿಂತಲ್ಲಿಂದಲೇ ಒಂದು ಕಾಲೆತ್ತಿ, ಹಿಂಗಾಲಿನಿಂದ ನೆಲವನ್ನು ಒತ್ತಿ, ಆ ಬಲವನ್ನು ಸೊಂಟ, ಬೆನ್ನು, ಭುಜಗಳ ಮೂಲಕ ಬೆರಳ ತುದಿಗೆ ಸಾಗಿಸಬೇಕು. ಮೊಣಕೈ ಮಡಿಸಿ ಎಸೆಯುವ ಈ ಚಲನೆಯಲ್ಲಿ ಒಳಭಾಗದ ಅಸ್ಥಿರಜ್ಜುವಿನ ಮೇಲೆ ಬೀಳುವ ಒತ್ತಡ ಬಹಳ ಹೆಚ್ಚು. ಅದು ಹರಿದರೆ ಬೇರೆಡೆಯ ಸ್ನಾಯುರಜ್ಜುವನ್ನು ತಂದು ಕಸಿ ಮಾಡುವ ಶಸ್ತ್ರಚಿಕಿತ್ಸೆಯನ್ನು 1974ರಲ್ಲಿ ಡಾಕ್ಟರ್ ಫ್ರಾಂಕ್ ಜೋಬ್ ಅವರು ಟಾಮಿ ಜಾನ್ ಎಂಬ ಪಿಚರ್‌ಗೆ ಮೊದಲು ಮಾಡಿದರು, ಇಂದಿಗೂ ಅದನ್ನು ಅವರ ಹೆಸರಿನಿಂದಲೇ ಕರೆಯುತ್ತಾರೆ. ಆ ಶಸ್ತ್ರಚಿಕಿತ್ಸೆಯ ನಂತರ ಟಾಮಿ ಜಾನ್ 164 ಪಂದ್ಯಗಳನ್ನು ಗೆದ್ದರು. ಹಾಗಿದ್ದರೂ ಹದಿಹರೆಯದ ಹುಡುಗನ ಮೊಣಕೈ ಮೇಲೆ ಆ ಗಾಯದ ಗುರುತು ಕಂಡಾಗ ನನಗೆ ಸಂಕಟವಾಗುತ್ತದೆ.

ಕಾಲೇಜಿನ ಪಿಚಿಂಗ್ ಕೋಚ್‌ನ ಅಧಿಕಾರ ಎಷ್ಟು ದೊಡ್ಡದು ಎಂಬುದು ನನಗೆ ಅರ್ಥವಾಗಲು ಎರಡು ಮೂರು ಋತುಗಳೇ ಬೇಕಾದವು. ಅಮೆರಿಕದ ಅತ್ಯುನ್ನತ ವೃತ್ತಿಪರ ಬೇಸ್‌ಬಾಲ್ ಆದ ಮೇಜರ್ ಲೀಗ್‌ನಲ್ಲಿ ಮುಂದಿನ ಎಸೆತ ಯಾವುದು ಎಂಬುದನ್ನು ಸಾಮಾನ್ಯವಾಗಿ ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಮತ್ತು ಪಿಚರ್ ತಮ್ಮೊಳಗೆ ನಿರ್ಧರಿಸುತ್ತಾರೆ. ಕಾಲೇಜಿನಲ್ಲಿ ಬಹುತೇಕ ತಂಡಗಳ ಪ್ರತಿಯೊಂದು ಎಸೆತವನ್ನೂ ಡಗ್‌ಔಟ್‌ನಲ್ಲಿ, ಎಂದರೆ ಮೈದಾನದ ಪಕ್ಕ ತಂಡ ಕೂರುವ ಜಾಗದಲ್ಲಿ, ಕುಳಿತ ಕೋಚ್ ಹೇಳುತ್ತಾರೆ. ಹಿಂದೆ ಅವರು ಬೆರಳಿನಿಂದ ಕಿವಿ, ಮೂಗು, ಟೋಪಿ ಮುಟ್ಟಿ ಸನ್ನೆ ಮಾಡುತ್ತಿದ್ದರು. ಆಮೇಲೆ ಕ್ಯಾಚರ್‌ನ ಮುಂಗೈಗೆ ಕಟ್ಟಿದ ಪಟ್ಟಿಯಲ್ಲಿ ಅಂಕಿಗಳ ಕೋಷ್ಟಕ ಬಂತು, ಕೋಚ್ ಮೂರಂಕಿಯ ಸಂಖ್ಯೆಯನ್ನು ಕೂಗಿದರೆ ಕ್ಯಾಚರ್ ಅದನ್ನು ಕೋಷ್ಟಕದಲ್ಲಿ ಹುಡುಕಿ ಓದಿಕೊಳ್ಳುತ್ತಿದ್ದ. 2022ರ ಋತುವಿನಿಂದ ಡಗ್‌ಔಟ್‌ನಿಂದ ಮೈದಾನಕ್ಕೆ ಒಮ್ಮುಖವಾಗಿ ಸಂದೇಶ ಕಳುಹಿಸುವ ವಿದ್ಯುನ್ಮಾನ ಸಾಧನಕ್ಕೆ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಅನುಮತಿ ನೀಡಿತು. ಪಂದ್ಯವೊಂದರಲ್ಲಿ ನೂರಕ್ಕೂ ಹೆಚ್ಚು ಬಾರಿ ವೇಗದ ಎಸೆತವೋ, ಪಕ್ಕಕ್ಕೆ ಜಾರುವ ಸ್ಲೈಡರೋ, ನಿಧಾನವಾಗಿ ಬರುವ ಚೇಂಜ್‌ಅಪ್ಪೋ, ಒಳಗೋ, ಹೊರಗೋ ಎಂದು ಒಬ್ಬ ವ್ಯಕ್ತಿ ತೀರ್ಮಾನಿಸುತ್ತಾನೆ, ಆದರೆ ಸೋಲು ಗೆಲುವು ಎರಡೂ ಬರೆಯಲ್ಪಡುವುದು ಪಿಚರ್‌ನ ಹೆಸರಿನ ಮುಂದೆ.

ಆ ಕೆಲಸಕ್ಕೆ ಸಿಗುತ್ತಿದ್ದ ಮನ್ನಣೆ ಬಹುಕಾಲ ಕಡಿಮೆಯೇ ಇತ್ತು. ಕಾಲೇಜು ಕ್ರೀಡೆಯ ಅಗ್ರ ದರ್ಜೆಯಾದ ಡಿವಿಷನ್ ಒಂದರ ತಂಡದಲ್ಲಿ ಮುಖ್ಯ ಕೋಚ್ ಜೊತೆಗೆ ಸಂಬಳ ಪಡೆಯುತ್ತಿದ್ದ ಸಹಾಯಕರು ಇಬ್ಬರು ಮಾತ್ರ. ಮೂರನೆಯವರು ವಿಶ್ವವಿದ್ಯಾಲಯದಿಂದ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕ ಕೋಚ್. ಮಕ್ಕಳಿಗೆ ಬೇಸಿಗೆ ಶಿಬಿರ ನಡೆಸಿ ಮನೆ ಬಾಡಿಗೆ ಕಟ್ಟಿದವರು ಅವರಲ್ಲಿ ಅನೇಕರು. 2023ರ ಜುಲೈನಲ್ಲಿ ಎನ್‌ಸಿಎಎ ಆ ಸ್ವಯಂಸೇವಕ ಹುದ್ದೆಯನ್ನೇ ತೆಗೆದುಹಾಕಿ, ಮೂವರು ಸಹಾಯಕರಿಗೂ ಸಂಬಳ ಕೊಡಲು ಅವಕಾಶ ಮಾಡಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸವದು.

ವೆಸ್ ಜಾನ್ಸನ್ ಅವರ ಬದುಕನ್ನು ನೋಡಿದರೆ ಈ ವೃತ್ತಿಯ ಅಲೆದಾಟ ಕಣ್ಣಿಗೆ ಕಟ್ಟುತ್ತದೆ. ಅವರು ಇದೇ ಆರ್ಕನ್ಸಾ ರಾಜ್ಯದವರು. ಹೈಸ್ಕೂಲ್ ಹುಡುಗರಿಗೆ ಕಲಿಸುವುದರಿಂದ ಆರಂಭಿಸಿ, ಸೆಂಟ್ರಲ್ ಆರ್ಕನ್ಸಾದಂತಹ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ದುಡಿದು, ಟೆಕ್ಸಾಸಿನ ಡಲ್ಲಾಸ್ ಬ್ಯಾಪ್ಟಿಸ್ಟ್‌ಗೆ ಹೋಗಿ, ಅಲ್ಲಿಂದ ಮಿಸಿಸಿಪಿ ಸ್ಟೇಟ್‌ಗೆ ತೆರಳಿ, 2017ರ ಋತುವಿಗೆ ಫೇಯೆಟ್‌ವಿಲ್‌ಗೆ ಬಂದರು. ದೇಹದ ಚಲನಶಾಸ್ತ್ರವನ್ನು ಓದಿಕೊಂಡು, ನೆಲದಿಂದ ಪಿಚರ್ ಎಷ್ಟು ಬಲ ಪಡೆಯುತ್ತಾನೆ ಎಂಬುದನ್ನು ಅಳೆದು, ಅದರಿಂದ ಎಸೆತದ ವೇಗ ಹೆಚ್ಚಿಸಬಲ್ಲವರು ಎಂಬ ಹೆಸರು ಅವರಿಗೆ ಬಂದಿತ್ತು.

2018ರಲ್ಲಿ ಇಲ್ಲಿನ ಪಿಚರ್ ಬ್ಲೇನ್ ನೈಟ್ ಒಂದೂ ಪಂದ್ಯ ಸೋಲದೆ 14 ಗೆದ್ದರು. ತಂಡ ನೆಬ್ರಾಸ್ಕಾದ ಒಮಾಹಾದಲ್ಲಿ ನಡೆಯುವ, ಕಾಲೇಜು ತಂಡಗಳ ರಾಷ್ಟ್ರಮಟ್ಟದ ಅಂತಿಮ ಟೂರ್ನಿಯಾದ ಕಾಲೇಜ್ ವರ್ಲ್ಡ್ ಸೀರೀಸ್‌ನ ಫೈನಲ್ ತಲುಪಿತು. ಮೂರು ಪಂದ್ಯಗಳ ಫೈನಲ್‌ನಲ್ಲಿ ಮೊದಲನೆಯದನ್ನು ಆರ್ಕನ್ಸಾ ಗೆದ್ದಿತ್ತು. ಎರಡನೆಯದರಲ್ಲಿ 3–2ರ ಮುನ್ನಡೆಯೊಂದಿಗೆ ಕೊನೆಯ ಇನಿಂಗ್ಸ್‌ನಲ್ಲಿ ಇಬ್ಬರನ್ನು ಔಟ್ ಮಾಡಿಯಾಗಿತ್ತು. ಒಂದು ಫೌಲ್ ಚೆಂಡು ಆಕಾಶಕ್ಕೆ ಹಾರಿತು. ಮೂವರು ಫೀಲ್ಡರ್‌ಗಳು ಅದರತ್ತ ಓಡಿದರು, ಚೆಂಡು ಅವರ ನಡುವೆ ನೆಲಕ್ಕೆ ಬಿತ್ತು. ಹಿಡಿದಿದ್ದರೆ ಮೂರನೆಯ ಔಟ್ ಆಗಿ ಪ್ರಶಸ್ತಿ ಆರ್ಕನ್ಸಾದ್ದಾಗುತ್ತಿತ್ತು. ಬದುಕಿಕೊಂಡ ಒರೆಗನ್ ಸ್ಟೇಟ್ ಆ ಪಂದ್ಯವನ್ನು 5–3ರಿಂದಲೂ ಮರುದಿನದ್ದನ್ನು 5–0ಯಿಂದಲೂ ಗೆದ್ದು ಪ್ರಶಸ್ತಿ ಕೊಂಡೊಯ್ದಿತು. ನನ್ನ ಪಕ್ಕದ ಆಸನದಲ್ಲಿ ಕುಳಿತುಕೊಳ್ಳುವ ಹಿರಿಯರೊಬ್ಬರು ಇಂದಿಗೂ ಆ ಚೆಂಡಿನ ಮಾತು ಬಂದರೆ ಎದ್ದು ಹೊರಗೆ ಹೋಗುತ್ತಾರೆ.

ಅದೇ ವರ್ಷದ ನವೆಂಬರ್‌ನಲ್ಲಿ ಮಿನೆಸೋಟಾ ಟ್ವಿನ್ಸ್ ತಂಡ ಜಾನ್ಸನ್ ಅವರನ್ನು ಪಿಚಿಂಗ್ ಕೋಚ್ ಆಗಿ ಕರೆದುಕೊಂಡಿತು. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಆಡಿಯೂ ಕಲಿಸಿಯೂ ಗೊತ್ತಿಲ್ಲದ ಒಬ್ಬರು ಕಾಲೇಜಿನಿಂದ ನೇರವಾಗಿ ಮೇಜರ್ ಲೀಗ್‌ನ ಆ ಹುದ್ದೆಗೆ ಏರುವುದು ಆ ಆಟದ ಹಳಬರಿಗೆ ನಂಬಲಾಗದ ಸಂಗತಿಯಾಗಿತ್ತು. 2019ರಲ್ಲಿ ಟ್ವಿನ್ಸ್ 101 ಪಂದ್ಯ ಗೆದ್ದಿತು. ಮರುವರ್ಷ ಅವರ ಪಿಚರ್ ಕೆಂಟಾ ಮಾಯೆಡಾ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಎರಡನೆಯವರಾದರು.

ಆಮೇಲೆ 2022ರ ಜೂನ್ ಕೊನೆಯಲ್ಲಿ, ಟ್ವಿನ್ಸ್ ತನ್ನ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿದ್ದಾಗ, ಋತುವಿನ ನಡುವೆಯೇ ಜಾನ್ಸನ್ ಆ ಕೆಲಸ ಬಿಟ್ಟು ಲೂಯಿಸಿಯಾನಾದ ಎಲ್‌ಎಸ್‌ಯು ವಿಶ್ವವಿದ್ಯಾಲಯಕ್ಕೆ ಹೊರಟರು. ಶಿಖರ ಏರಿದವನು ಕೆಳಗಿಳಿಯುವುದೇಕೆ ಎಂದು ಆಗ ಎಲ್ಲೆಡೆ ಕೇಳಿದರು. ಕೆಲಸವನ್ನು ಅರ್ಧಕ್ಕೆ ಬಿಟ್ಟು ಹೋದದ್ದು ಆ ತಂಡದ ಆಟಗಾರರಿಗೆ ಕಷ್ಟ ತಂದಿತು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೆಳಗಿಳಿದರು ಎಂಬುದನ್ನು ಒಪ್ಪುವುದಿಲ್ಲ. ಮೇಜರ್ ಲೀಗ್ ಋತುವಿನಲ್ಲಿ 162 ಪಂದ್ಯಗಳು, ಅವುಗಳಲ್ಲಿ ಅರ್ಧ ಪರಊರಿನಲ್ಲಿ. ಕಾಲೇಜಿನಲ್ಲಿ ನಿಯಮಿತ ಪಂದ್ಯಗಳು ಹೆಚ್ಚೆಂದರೆ 56. ಮನೆಯವರ ಮುಖ ನೋಡುವ ದಿನಗಳ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಎಸೆತ ಕಲಿಸುವುದನ್ನೇ ಉಸಿರಾಗಿಸಿಕೊಂಡವರಿಗೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಮೇಜರ್ ಲೀಗ್‌ಗೆ ಬರುವ ಪಿಚರ್‌ನ ಚಲನೆ ಅಷ್ಟರಲ್ಲಿ ಒಂದು ಹದಕ್ಕೆ ಬಂದಿರುತ್ತದೆ, ಅವನು ತನ್ನ ತೋಳನ್ನು ಪ್ರಯೋಗಕ್ಕೆ ಒಡ್ಡಲು ಹಿಂಜರಿಯುತ್ತಾನೆ. ಶರತ್ಕಾಲದಲ್ಲಿ ಕ್ಯಾಂಪಸ್‌ಗೆ ಬರುವ ಹತ್ತೊಂಬತ್ತರ ಹುಡುಗನೊಂದಿಗೆ ಕೋಚ್‌ಗೆ ಪಂದ್ಯಗಳ ಒತ್ತಡವಿಲ್ಲದ ತಿಂಗಳುಗಳು ದೊರೆಯುತ್ತವೆ.

ಎಲ್‌ಎಸ್‌ಯುನಲ್ಲಿ ಆದದ್ದನ್ನು ನೋಡಿ. ಅಮೆರಿಕದ ವಾಯುಪಡೆ ಅಕಾಡೆಮಿಯಲ್ಲಿ ಕ್ಯಾಚರ್ ಆಗಿಯೂ ಪಿಚರ್ ಆಗಿಯೂ ಆಡುತ್ತಿದ್ದ ಪಾಲ್ ಸ್ಕೀನ್ಸ್ ಎಂಬ ಹುಡುಗ ಅದೇ ಬೇಸಿಗೆಯಲ್ಲಿ ಅಲ್ಲಿಗೆ ವರ್ಗಾವಣೆಯಾಗಿ ಬಂದ. ಎಸೆತದ ಮೇಲೆಯೇ ಗಮನವಿಟ್ಟ ಅವನ ವೇಗ ಗಂಟೆಗೆ 100 ಮೈಲಿ, ಎಂದರೆ 160 ಕಿಲೋಮೀಟರ್ ದಾಟಿತು. 2023ರ ಋತುವಿನಲ್ಲಿ ಅವನು ಪಡೆದ ಸ್ಟ್ರೈಕ್‌ಔಟ್‌ಗಳು, ಎಂದರೆ ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡಿದ್ದು, 209. ಎಸ್‌ಇಸಿ ಎಂಬ ಆ ದೊಡ್ಡ ಒಕ್ಕೂಟದಲ್ಲಿ 1989ರಿಂದ ಇದ್ದ ಬೆನ್ ಮೆಕ್‌ಡೊನಾಲ್ಡ್ ಅವರ 202ರ ದಾಖಲೆ ಅಲ್ಲಿಗೆ ಮುರಿಯಿತು. ಜೂನ್ 22ರಂದು ವೇಕ್ ಫಾರೆಸ್ಟ್ ವಿರುದ್ಧ ಅವನೂ ಎದುರಾಳಿ ರೆಟ್ ಲೌಡರ್ ಕೂಡ ಒಂದೂ ರನ್ ಬಿಟ್ಟುಕೊಡದೆ ಎಸೆದ ಪಂದ್ಯವನ್ನು ನಾನು ಟಿವಿಯ ಮುಂದೆ ನಿಂತುಕೊಂಡೇ ನೋಡಿದೆ, ಕೂರಲು ಮನಸ್ಸಾಗಲಿಲ್ಲ. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಟಾಮಿ ವೈಟ್ ಹೊಡೆದ ಹೋಮ್ ರನ್‌ನಿಂದ ಎಲ್‌ಎಸ್‌ಯು 2–0ಯಿಂದ ಗೆದ್ದಿತು.

ಫೈನಲ್‌ನ ಮೊದಲ ಪಂದ್ಯದಲ್ಲಿ ಟೈ ಫ್ಲಾಯ್ಡ್ 17 ಸ್ಟ್ರೈಕ್‌ಔಟ್ ಪಡೆದರು. ಎರಡನೆಯದರಲ್ಲಿ ಫ್ಲಾರಿಡಾ ತಂಡ 24–4ರಿಂದ ಎಲ್‌ಎಸ್‌ಯುವನ್ನು ಬಗ್ಗುಬಡಿಯಿತು. ಕೊನೆಯ ಪಂದ್ಯಕ್ಕೆ ಸ್ಕೀನ್ಸ್‌ನನ್ನು ಮತ್ತೆ ಇಳಿಸುತ್ತಾರೆಯೇ ಎಂಬುದೇ ಎಲ್ಲರ ಬಾಯಲ್ಲಿದ್ದ ಪ್ರಶ್ನೆ. ಅಷ್ಟರಲ್ಲಿ ಅವನು ಒಮಾಹಾದಲ್ಲಿ ಆರು ದಿನಗಳೊಳಗೆ ಎರಡು ದೀರ್ಘ ಪಂದ್ಯಗಳಲ್ಲಿ ಎಸೆದಿದ್ದ. ಅಂದು ದಿಬ್ಬ ಹತ್ತಿದವನು ಥ್ಯಾಚರ್ ಹರ್ಡ್. ಎಲ್‌ಎಸ್‌ಯು 18–4ರಿಂದ ಗೆದ್ದು ತನ್ನ ಏಳನೆಯ ಪ್ರಶಸ್ತಿ ಎತ್ತಿತು, ಸ್ಕೀನ್ಸ್ ಒಂದೂ ಚೆಂಡು ಎಸೆಯಲಿಲ್ಲ. ಆ ವರ್ಷದ ಎಲ್ಲ ಅಂಕಿಅಂಶಗಳಿಗಿಂತ ಆ ರಾತ್ರಿಯ ಈ ಸಂಗತಿಯೇ ನನಗೆ ಹೆಚ್ಚು ಇಷ್ಟ. ಮುಂದಿನ ತಿಂಗಳು ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಅವನನ್ನು ಮೊದಲ ಆಯ್ಕೆಯಾಗಿ ಪಡೆಯಿತು; 2025ರಲ್ಲಿ ಸೈ ಯಂಗ್ ಪ್ರಶಸ್ತಿಯೂ ಅವನ ಕೈಸೇರಿತು.

ಜಾನ್ಸನ್ ಎಲ್‌ಎಸ್‌ಯುನಲ್ಲಿ ಇದ್ದದ್ದು ಆ ಒಂದೇ ಋತು. ಒಮಾಹಾಕ್ಕೆ ಹೊರಡುವ ಮೊದಲೇ ಜಾರ್ಜಿಯಾ ವಿಶ್ವವಿದ್ಯಾಲಯ ಅವರನ್ನು ಮುಖ್ಯ ಕೋಚ್ ಎಂದು ಘೋಷಿಸಿಯಾಗಿತ್ತು. ಅವರು ಪ್ರಶಸ್ತಿ ಗೆಲ್ಲುವವರೆಗೂ ಹಳೆಯ ತಂಡದೊಂದಿಗೆ ಉಳಿದು ಆಮೇಲೆ ಹೋದರು. 2024ರಲ್ಲಿ ಜಾರ್ಜಿಯಾ 43 ಪಂದ್ಯ ಗೆದ್ದಿತು. ಎಲ್‌ಎಸ್‌ಯುನಲ್ಲಿ ಅವರು ಬಿಟ್ಟ ಜಾಗಕ್ಕೆ ಬಂದವರು ನೇಟ್ ಯೆಸ್ಕಿ. 2018ರ ಆ ಫೈನಲ್‌ನಲ್ಲಿ ಎದುರಿನ ಡಗ್‌ಔಟ್‌ನಲ್ಲಿದ್ದ ಒರೆಗನ್ ಸ್ಟೇಟ್ ತಂಡದ ಪಿಚಿಂಗ್ ಕೋಚ್ ಅವರೇ. ಜಾನ್ಸನ್ ಟ್ವಿನ್ಸ್‌ಗೆ ಹೋದಾಗ ಫೇಯೆಟ್‌ವಿಲ್‌ನಲ್ಲಿ ತೆರವಾದ ಸ್ಥಾನಕ್ಕೆ ವೇಕ್ ಫಾರೆಸ್ಟ್‌ನಿಂದ ಮ್ಯಾಟ್ ಹಾಬ್ಸ್ ಬಂದರು. ಅವರ ಶಿಷ್ಯ ಗೇಜ್ ವುಡ್ 2025ರ ಜೂನ್‌ನಲ್ಲಿ ಒಮಾಹಾದಲ್ಲಿ ಎದುರಾಳಿಗೆ ಒಂದೂ ಹಿಟ್ ಕೊಡದೆ, ಎಂದರೆ ಯಾರಿಗೂ ಚೆಂಡು ಹೊಡೆದು ಬೇಸ್ ತಲುಪಲು ಬಿಡದೆ, 19 ಸ್ಟ್ರೈಕ್‌ಔಟ್ ಪಡೆದ. ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ 1960ರ ನಂತರ ಅಂತಹ ಪಂದ್ಯ ನಡೆದಿರಲಿಲ್ಲ.

ಪಂದ್ಯ ಆರಂಭವಾಗುವ ಹೊತ್ತಾಯಿತು. ಕಾಲೇಜು ಬೇಸ್‌ಬಾಲ್‌ನಲ್ಲಿ ವಾರಾಂತ್ಯದ ಮೂರು ಪಂದ್ಯಗಳಲ್ಲಿ ಮೊದಲನೆಯದಕ್ಕೆ ತಂಡದ ಅತ್ಯುತ್ತಮ ಪಿಚರ್ ಇಳಿಯುವುದು ವಾಡಿಕೆ. ಈಗ ದಿಬ್ಬದತ್ತ ನಡೆಯುತ್ತಿರುವವನೇ ಆ ಹುಡುಗ. ನನ್ನ ಪಕ್ಕದಲ್ಲಿ ನನ್ನ ಮಗ ಕುಳಿತಿದ್ದಾನೆ. ಅವನಿಗೆ ಹನ್ನೆರಡು ವರ್ಷ, ಊರಿನ ಮಕ್ಕಳ ತಂಡದಲ್ಲಿ ಪಿಚರ್. ಆ ವಯಸ್ಸಿನವರು ದಿನಕ್ಕೆ 85 ಎಸೆತ ಮೀರಬಾರದು, 51ರಿಂದ 65 ಎಸೆದರೆ ಮೂರು ದಿನ ವಿಶ್ರಾಂತಿ ಬೇಕು ಎಂಬುದು ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಮಾರ್ಗಸೂಚಿ. ಕಳೆದ ಶನಿವಾರ ಅವನು 52 ಎಸೆದಾಗ ಕೋಚ್ ಅವನನ್ನು ಹೊರಗೆ ಕರೆದರು. ಮನೆಗೆ ಬರುವವರೆಗೂ ಅವನು ನನ್ನೊಂದಿಗೆ ಮಾತನಾಡಲಿಲ್ಲ, ಏಕೆಂದರೆ ಲೆಕ್ಕ ಬರೆದುಕೊಟ್ಟವನು ನಾನು. ಇಂದು ಅದೇ ಪುಸ್ತಕ ಅವನ ತೊಡೆಯ ಮೇಲಿದೆ, ಪೆನ್ಸಿಲ್ ಕೈಯಲ್ಲಿದೆ. ದಿಬ್ಬದ ಮೇಲಿನ ಅಣ್ಣ ಎಷ್ಟು ಎಸೆಯುತ್ತಾನೆಂದು ತಾನೇ ಎಣಿಸುತ್ತೇನೆ ಎಂದಿದ್ದಾನೆ. ಮೊದಲ ಚೆಂಡು ಹೊರಟಿತು, ಅವನು ಒಂದು ಗೀಟು ಎಳೆದ.